ಜಾಲದ ಕಡತ ಯಾರ ಕೈಯಲ್ಲಿ?

ಭಾರತದ ದೂರಸಂಪರ್ಕ ಚರಿತ್ರೆಯಲ್ಲಿ ಕೋಲ್ಕತ್ತ ಮೂರು ಬಾರಿ ಮೊದಲ ಸಾಲಿನಲ್ಲಿ ನಿಂತಿದೆ. 1882ರ ಜನವರಿ 28ರಂದು ಬೊಂಬಾಯಿ ಮತ್ತು ಮದ್ರಾಸುಗಳ ಜೊತೆಗೆ ಅಲ್ಲಿಯೂ ದೂರವಾಣಿ ವಿನಿಮಯ ಕೇಂದ್ರ ಆರಂಭವಾದಾಗ, ಕೌನ್ಸಿಲ್ ಹೌಸ್ ಬೀದಿಯ 7ನೇ ಸಂಖ್ಯೆಯ ಕಟ್ಟಡದಲ್ಲಿದ್ದ ಆ ಕೇಂದ್ರಕ್ಕೆ 93 ಚಂದಾದಾರರಿದ್ದರು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ರೈಟರ್ಸ್ ಬಿಲ್ಡಿಂಗ್‌ನಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ಮಾತನಾಡಿದ್ದು ದೇಶದ ಮೊದಲ ಮೊಬೈಲ್ ಕರೆಯಾಯಿತು. 2012ರ ಏಪ್ರಿಲ್ 10ರಂದು ಏರ್‌ಟೆಲ್ ಕಂಪನಿ ದೇಶದ ಮೊದಲ 4ಜಿ ಸೇವೆಯನ್ನು ಇದೇ ನಗರದಲ್ಲಿ ಆರಂಭಿಸಿತು. ಇಂಥ ದಿನಗಳಲ್ಲಿ ಜನರ ಕಣ್ಣಿಗೆ ಬೀಳುವುದು ಯಂತ್ರ, ತಂತಿ ಮತ್ತು ಗೋಪುರ. ಆದರೆ ಸೇವೆ ಶುರುವಾದ ಮರುದಿನದಿಂದಲೇ ಯಾವ ಗ್ರಾಹಕನಿಗೆ ಯಾವ ಲೈನು ಸೇರಿದೆ, ಅವನು ಎಷ್ಟು ಬಳಸಿದ, ಲೈನು ಸತ್ತರೆ ದೂರು ಯಾರಿಗೆ ಹೋಗಬೇಕು, ಸರಿಯಾದ ಮೇಲೆ ಅದನ್ನು ಯಾರು ದಾಖಲಿಸಬೇಕು ಎಂಬ ಲೆಕ್ಕ ಶುರುವಾಗುತ್ತದೆ, ಮತ್ತು ಸೇವೆ ಇರುವಷ್ಟು ಕಾಲವೂ ಅದು ನಿಲ್ಲುವುದಿಲ್ಲ.

93 ಚಂದಾದಾರರ ಕಾಲಕ್ಕೆ ಒಂದು ದಪ್ಪ ರಿಜಿಸ್ಟರು ಸಾಕಾಗುತ್ತಿದ್ದ ಈ ಕೆಲಸವನ್ನು ಇಂದು ಹೊತ್ತಿರುವುದು ಕಾರ್ಯಾಚರಣೆ ಬೆಂಬಲ ವ್ಯವಸ್ಥೆ, ಉದ್ಯಮದವರ ಬಾಯಲ್ಲಿ ಒಎಸ್‌ಎಸ್, ಎಂಬ ತಂತ್ರಾಂಶಗಳ ಸಮೂಹ. ಜಾಲದಲ್ಲಿರುವ ಉಪಕರಣಗಳ ದಾಸ್ತಾನು ಪಟ್ಟಿ, ಹೊಸ ಸಂಪರ್ಕವನ್ನು ಯಂತ್ರದಲ್ಲಿ ಚಾಲೂ ಮಾಡುವ ಕ್ರಮ, ದೋಷದ ಸೂಚನೆಗಳನ್ನು ಒಟ್ಟುಗೂಡಿಸುವ ಅಲಾರಂ ನಿಗಾ, ದುರಸ್ತಿಯ ಟಿಕೆಟ್ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಬಿಲ್ಲು, ದರಪಟ್ಟಿ, ಗ್ರಾಹಕ ಸೇವೆಗಳನ್ನು ನೋಡಿಕೊಳ್ಳುವ ಅದರ ಜೋಡಿಗೆ ವ್ಯವಹಾರ ಬೆಂಬಲ ವ್ಯವಸ್ಥೆ ಅಥವಾ ಬಿಎಸ್‌ಎಸ್ ಎಂದು ಹೆಸರು. ಇವನ್ನು ದೂರವಾಣಿ ಕಂಪನಿಗಳು ತಾವೇ ಬರೆಯುವುದು ಅಪರೂಪವಾದ್ದರಿಂದ ಹೊರಗಿನ ವೆಂಡರ್‌ಗಳಿಂದ ಕೊಳ್ಳುತ್ತವೆ, ಇಲ್ಲವೇ ಬರೆಸುತ್ತವೆ. ಹೀಗಾಗಿ ಜಾಲವನ್ನು ನಡೆಸುವ ಕಲೆಯೊಳಗೆ ವೆಂಡರ್‌ನನ್ನು ನಡೆಸಿಕೊಳ್ಳುವ ಕಲೆಯೂ ಸೇರಿಕೊಂಡಿದೆ.

ಹಳೆಯ ಯಾಂತ್ರಿಕ ಎಕ್ಸ್‌ಚೇಂಜುಗಳಲ್ಲಿ ಪ್ರತಿ ಚಂದಾದಾರನಿಗೂ ಒಂದೊಂದು ಪುಟ್ಟ ಮೀಟರು ಇರುತ್ತಿತ್ತು. ಸಾಲುಸಾಲು ಮೀಟರುಗಳ ಛಾಯಾಚಿತ್ರ ತೆಗೆದು, ಹಿಂದಿನ ಅಂಕಿಯನ್ನು ಈಗಿನದರಿಂದ ಕಳೆದು ಬಿಲ್ಲು ಹಾಕಲಾಗುತ್ತಿತ್ತು. ಆ ಅಂಕಿಯಲ್ಲಿ ಒಟ್ಟು ಎಷ್ಟು ಯೂನಿಟ್ ಆಯಿತೆಂಬುದು ತಿಳಿಯುತ್ತಿತ್ತೇ ಹೊರತು ಯಾವ ದಿನ ಯಾವ ಊರಿಗೆ ಎಷ್ಟು ಹೊತ್ತು ಮಾತಾಡಿದ್ದೆಂಬುದು ತಿಳಿಯುತ್ತಿರಲಿಲ್ಲ. ಎಸ್‌ಟಿಡಿ ಬಿಲ್ಲಿನ ಜಗಳಗಳು ತೀರದೆ ಉಳಿಯುತ್ತಿದ್ದುದಕ್ಕೆ ಇದೊಂದು ಮುಖ್ಯ ಕಾರಣ. ಗಣಕೀಕೃತ ಎಕ್ಸ್‌ಚೇಂಜು ಬಂದ ಮೇಲೆ ಪ್ರತಿ ಕರೆಗೂ ಒಂದು ವಿವರ ದಾಖಲೆ, ಅಂದರೆ ಸಿಡಿಆರ್, ಹುಟ್ಟತೊಡಗಿತು. 2000ದ ಅಕ್ಟೋಬರ್‌ನಲ್ಲಿ ಸರ್ಕಾರದ ದೂರಸಂಪರ್ಕ ಸೇವೆಗಳನ್ನು ವಹಿಸಿಕೊಂಡ ಬಿಎಸ್‌ಎನ್‌ಎಲ್, ಒಂದೊಂದು ಭಾಗದಲ್ಲಿ ಒಂದೊಂದು ತಂತ್ರಾಂಶದ ಮೇಲೆ ನಡೆಯುತ್ತಿದ್ದ ಸ್ಥಿರ ದೂರವಾಣಿಯ ಬಿಲ್ಲಿಂಗ್ ಮತ್ತು ಗ್ರಾಹಕ ಸೇವೆಯನ್ನು ಒಂದೇ ಮಾದರಿಗೆ ತರಲು ಮುಂದೆ ಸಿಡಿಆರ್ ಯೋಜನೆಯನ್ನು ಕೈಗೊಂಡು, ದೇಶವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ ಪುಣೆ, ಹೈದರಾಬಾದ್, ಚಂಡೀಗಢ ಮತ್ತು ಕೋಲ್ಕತ್ತಗಳಲ್ಲಿ ಡೇಟಾ ಸೆಂಟರ್‌ಗಳನ್ನು ಸ್ಥಾಪಿಸಿತು. ಪೂರ್ವ ವಲಯದ ಲೆಕ್ಕವೆಲ್ಲ ಕೋಲ್ಕತ್ತಕ್ಕೆ ಬಂದು ಸೇರಿತು.

ಇಂಥ ಯೋಜನೆಯಲ್ಲಿ ಹೊಸ ತಂತ್ರಾಂಶ ತರುವುದಕ್ಕಿಂತ ಕಷ್ಟದ ಕೆಲಸ ಹಳೆಯ ದಾಖಲೆಯನ್ನು ಅದರೊಳಕ್ಕೆ ಸಾಗಿಸುವುದು, ಮತ್ತು ಯೋಜನೆಯ ಅವಧಿಯನ್ನು ಲೆಕ್ಕ ಹಾಕುವಾಗ ಎಲ್ಲರೂ ಕಡಿಮೆ ಅಂದಾಜು ಮಾಡುವುದು ಇದನ್ನೇ. ಕೋಲ್ಕತ್ತದ ವಿಳಾಸಗಳನ್ನೇ ತೆಗೆದುಕೊಂಡರೆ, ಹ್ಯಾರಿಸನ್ ರಸ್ತೆ ಮಹಾತ್ಮ ಗಾಂಧಿ ರಸ್ತೆಯಾಗಿದೆ, ಥಿಯೇಟರ್ ರಸ್ತೆ ಶೇಕ್ಸ್‌ಪಿಯರ್ ಸರಣಿಯಾಗಿದೆ, ಲೋವರ್ ಸರ್ಕ್ಯುಲರ್ ರಸ್ತೆ ಆಚಾರ್ಯ ಜಗದೀಶ್ ಚಂದ್ರ ಬೋಸ್ ರಸ್ತೆಯಾಗಿದೆ, ಡಾಲ್‌ಹೌಸಿ ಚೌಕ ಬಿಬಿಡಿ ಬಾಗ್ ಆಗಿದೆ. ಜನರ ಬಾಯಲ್ಲಿ ಮಾತ್ರ ಎರಡೂ ಹೆಸರುಗಳು ಬದುಕಿವೆ. ಬೆಂಗಳೂರಿನ ಸೌತ್ ಪರೇಡ್ ಎಂ.ಜಿ. ರಸ್ತೆಯಾದದ್ದನ್ನು ಬಲ್ಲವರಿಗೆ ಇದು ಹೊಸತಲ್ಲ. ಒಂದೇ ಕಟ್ಟಡ ಒಂದು ಕಡತದಲ್ಲಿ ಹಳೆಯ ಹೆಸರಿನಲ್ಲೂ ಮತ್ತೊಂದರಲ್ಲಿ ಹೊಸ ಹೆಸರಿನಲ್ಲೂ ಇದ್ದರೆ ತಂತ್ರಾಂಶ ಅದನ್ನು ಎರಡು ಕಟ್ಟಡವೆಂದೇ ಎಣಿಸುತ್ತದೆ, ಕೇಬಲ್ ಬಾಗಿಲಿಗೆ ಬಂದಿದ್ದರೂ ಸಂಪರ್ಕ ಸಾಧ್ಯವಿಲ್ಲವೆಂದು ಉತ್ತರ ಕೊಡುತ್ತದೆ. ಹೊಲದ ಗಡಿ ಒಂದು ಕಡೆ, ಪಹಣಿಯಲ್ಲಿ ಬರೆದದ್ದು ಇನ್ನೊಂದು ಕಡೆ ಇದ್ದಾಗ ರೈತ ಪಡುವ ಪಾಡೇ ಇಲ್ಲಿ ಜಾಲದ ಎಂಜಿನಿಯರನದು. ಹೆಸರುಗಳನ್ನು ಹೊಂದಿಸುವ ಕೆಲಸವನ್ನು ಟೆಂಡರಿನಲ್ಲಿ ವೆಂಡರ್‌ನ ತಲೆಗೆ ಕಟ್ಟಿದರೆ ಅವನು ಅದನ್ನು ಯಂತ್ರದಿಂದ ಮಾಡಿಸಿ ಕೈತೊಳೆದುಕೊಳ್ಳುತ್ತಾನೆ. ಥಿಯೇಟರ್ ರಸ್ತೆ ಎಲ್ಲಿದೆಯೆಂದು ಬಲ್ಲ ಸ್ಥಳೀಯ ಸಿಬ್ಬಂದಿ ಕುಳಿತು ನೋಡದ ಹೊರತು ಅದು ಸರಿಹೋಗುವುದಿಲ್ಲ.

ಮೊಬೈಲ್ ಕಂಪನಿಗಳಲ್ಲಿ ಈ ಕಷ್ಟವನ್ನು ಹೆಚ್ಚಿಸಿದ್ದು ಮಾಲೀಕತ್ವದ ಬದಲಾವಣೆ. ಕೋಲ್ಕತ್ತದ ಮೊದಲ ಕರೆಯನ್ನು ಸಾಗಿಸಿದ ಮೋದಿ ಟೆಲ್‌ಸ್ಟ್ರಾ ಕಂಪನಿ, ಪಾಲುದಾರ ಟೆಲ್‌ಸ್ಟ್ರಾ ಹೊರಬಿದ್ದ ಮೇಲೆ ಸ್ಪೈಸ್ ಆಗಿ, 2001ರಲ್ಲಿ ಏರ್‌ಟೆಲ್‌ನ ಒಡೆಯ ಭಾರ್ತಿಯ ಪಾಲಾಯಿತು. ಅದೇ ಸ್ಪೈಸ್ ಹೆಸರು ಕರ್ನಾಟಕದಲ್ಲಿ 2008ರವರೆಗೆ ಉಳಿದು ಆಮೇಲೆ ಐಡಿಯಾದಲ್ಲಿ ಕರಗಿತು. ಕೋಲ್ಕತ್ತದ ಎರಡನೆಯ ಪರವಾನಗಿ ಪಡೆದಿದ್ದ ಉಷಾ ಮಾರ್ಟಿನ್ ಹಚಿಸನ್ನಿಗೆ ಹೋಗಿ, ಹಚ್ ಆಗಿ, 2007ರಲ್ಲಿ ವೊಡಾಫೋನ್ ಆಗಿ, 2018ರಲ್ಲಿ ಐಡಿಯಾದೊಂದಿಗೆ ವಿಲೀನವಾಯಿತು. ಫಲಕ ಬದಲಿಸಲು ಒಂದು ರಾತ್ರಿ ಸಾಕು, ಆದರೆ ಎರಡು ಕಂಪನಿಗಳ ಗ್ರಾಹಕ ಸಂಖ್ಯೆ, ದರಯೋಜನೆ, ಬಾಕಿ, ಗೋಪುರದ ಗುರುತುಗಳನ್ನು ಒಂದೇ ವ್ಯವಸ್ಥೆಗೆ ತರುವುದು ದೀರ್ಘಕಾಲದ ಕೆಲಸ. ಹಳೆಯ ಮತ್ತು ಹೊಸ ತಂತ್ರಾಂಶಗಳೆರಡರಿಂದಲೂ ಅದೇ ತಿಂಗಳ ಬಿಲ್ಲು ತೆಗೆದು ಸಾಲುಸಾಲಾಗಿ ಹೋಲಿಸುವ ಸಮಾನಾಂತರ ಓಟಕ್ಕೆ ಸಾಕಷ್ಟು ಕಾಲ ಕೊಡುವ ಕಂಪನಿಗೆ ಗ್ರಾಹಕರ ಸಿಟ್ಟನ್ನು ಎದುರಿಸುವ ಸಂದರ್ಭ ಕಡಿಮೆ ಬರುತ್ತದೆ.

ವೆಂಡರ್ ನಿರ್ವಹಣೆಯ ಮಾತು ಬಂದಾಗ ಇಡೀ ಜಗತ್ತು ನೋಡುವುದು 2004ರ ಏರ್‌ಟೆಲ್ ಒಪ್ಪಂದಗಳ ಕಡೆಗೆ. ಆ ವರ್ಷ ಭಾರ್ತಿ ತನ್ನ ಜಾಲದ ನಿರ್ವಹಣೆಯನ್ನು ಎರಿಕ್ಸನ್‌ಗೂ ಮಾಹಿತಿ ತಂತ್ರಜ್ಞಾನವನ್ನು 10 ವರ್ಷಗಳ ಅವಧಿಗೆ ಐಬಿಎಂಗೂ ವಹಿಸಿತು. ಉಪಕರಣದ ಬೆಲೆಯನ್ನು ಪೆಟ್ಟಿಗೆಗಳ ಲೆಕ್ಕದಲ್ಲಿ ಕೊಡದೆ, ಹೊತ್ತ ಕರೆಗಳ ಭಾರವನ್ನು ಅಳೆಯುವ ಎರ್ಲಾಂಗ್ ಎಂಬ ಮಾನದ ಪ್ರಕಾರ ಕೊಡುವುದು ಮತ್ತು ಐಬಿಎಂಗೆ ವರಮಾನದಲ್ಲಿ ಪಾಲು ಕೊಡುವುದು ಆ ಒಪ್ಪಂದಗಳ ವಿಶೇಷ. ಬೇಡಿಕೆ ಏರುವ ಮೊದಲೇ ಯಂತ್ರಗಳ ಮೇಲೆ ಹಣ ಸುರಿಯುವ ಹೊರೆ ಇದರಿಂದ ಕಂಪನಿಗೆ ತಪ್ಪಿತು, ಮತ್ತು ದೇಶದಲ್ಲಿ ಕರೆದರ ಇಳಿಯಲು ಇದೂ ಒಂದು ಕಾರಣವಾಯಿತೆಂದು ಹೇಳುವುದು ಅತಿಶಯವಲ್ಲ; 1995ರ ಕೋಲ್ಕತ್ತದಲ್ಲಿ ನಿಮಿಷಕ್ಕೆ 8 ರೂಪಾಯಿ 40 ಪೈಸೆ ಇದ್ದು, ಒಳಬರುವ ಕರೆಗೂ ಹಣ ತೆರಬೇಕಾಗಿತ್ತು. ಆದರೆ ಇದನ್ನು ನೋಡಿ ಕಲಿತ ಹಲವರು ಅರ್ಧ ಪಾಠವನ್ನಷ್ಟೇ ಕಲಿತರು. ಕೆಲಸವನ್ನು ಹೊರಗೆ ಕೊಡಬಹುದು. ಜಾಲದಲ್ಲಿ ಏನಿದೆ, ಎಲ್ಲಿದೆ, ಯಾವುದು ಯಾವುದಕ್ಕೆ ಸೇರಿದೆ ಎಂಬ ತಿಳಿವಳಿಕೆಯನ್ನು ಅದರ ಜೊತೆಗೇ ಕೊಟ್ಟುಬಿಟ್ಟರೆ ಒಪ್ಪಂದ ಮುಗಿಯುವ ಹೊತ್ತಿಗೆ ವೆಂಡರ್‌ನನ್ನು ಬದಲಿಸುವ ಶಕ್ತಿಯೂ ಉಳಿಯುವುದಿಲ್ಲ.

ಸೇವಾಮಟ್ಟದ ಒಪ್ಪಂದ, ಅಂದರೆ ಎಸ್‌ಎಲ್‌ಎ, ಈ ದೃಷ್ಟಿಯಿಂದ ಗಮನಾರ್ಹ. ದೋಷವನ್ನು ಇಷ್ಟು ಗಂಟೆಯೊಳಗೆ ಸರಿಪಡಿಸದಿದ್ದರೆ ದಂಡ ಎಂದು ಅದರಲ್ಲಿ ಬರೆದಿರುತ್ತದೆ, ಆದರೆ ಗಂಟೆ ಎಣಿಸುವ ಟಿಕೆಟ್ ವ್ಯವಸ್ಥೆ ವೆಂಡರ್‌ನದೇ ಆಗಿದ್ದು, ಗ್ರಾಹಕ ಸಿಗಲಿಲ್ಲ ಅಥವಾ ಗೋಪುರಕ್ಕೆ ಪ್ರವೇಶ ಸಿಗಲಿಲ್ಲವೆಂದು ಎಣಿಕೆಯನ್ನು ತಡೆಹಿಡಿಯುವ ಅಧಿಕಾರವೂ ಅವನದೇ ಆಗಿದ್ದರೆ ದಂಡದ ಕಲಮು ಹಾಳೆಯಲ್ಲಷ್ಟೇ ಇರುತ್ತದೆ. ಒಪ್ಪಂದದಾಚೆಯ ಪ್ರತಿ ತಿದ್ದುಪಡಿಗೂ ಪ್ರತ್ಯೇಕ ಹಣ ಕೇಳುವ ಬದಲಾವಣೆ ಕೋರಿಕೆಯದೂ (ಕಚೇರಿಗಳಲ್ಲಿ ಇದಕ್ಕೆ ಸಿಆರ್ ಎನ್ನುತ್ತಾರೆ) ಇದೇ ಕಥೆ: ಕಡಿಮೆ ಬೆಲೆಗೆ ಟೆಂಡರ್ ಗೆದ್ದವರು ಸಿಆರ್‌ಗಳಲ್ಲಿ ನಷ್ಟ ತುಂಬಿಕೊಳ್ಳಲು ನೋಡುತ್ತಾರೆ, ಮತ್ತು ತನಗೆ ಏನು ಬೇಕೆಂಬುದನ್ನು ಮೊದಲೇ ಸರಿಯಾಗಿ ಬರೆಯದ ಕಂಪನಿಯೇ ಅದಕ್ಕೆ ದಾರಿ ಮಾಡಿಕೊಟ್ಟಿರುತ್ತದೆ. ಸ್ವೀಕಾರ ಪರೀಕ್ಷೆಯನ್ನು ವೆಂಡರ್ ತಯಾರಿಸಿದ ಅಚ್ಚುಕಟ್ಟಾದ ಮಾದರಿ ದತ್ತಾಂಶದ ಮೇಲೆ ನಡೆಸದೆ, ತಪ್ಪು ವಿಳಾಸ, ಕಡಿದು ಮತ್ತೆ ಜೋಡಿಸಿದ ಲೈನು, ತಿಂಗಳ ಕೊನೆಯ ಬಿಲ್ಲಿಂಗ್ ಒತ್ತಡ ಎಲ್ಲವೂ ಇರುವ ನಿಜವಾದ ದತ್ತಾಂಶದ ಮೇಲೆ ನಡೆಸಬೇಕೆಂದು ಅನುಭವಿಗಳು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಒಬ್ಬನೇ ವೆಂಡರ್ ಇದ್ದರೆ ಇಷ್ಟು. ಹಲವರಿದ್ದಾಗ ತೊಡಕು ಅವರ ನಡುವಿನ ಗಡಿಗಳಲ್ಲಿ ಹುಟ್ಟುತ್ತದೆ. ಏರ್‌ಟೆಲ್‌ನ 4ಜಿಗೆ ಕೋಲ್ಕತ್ತದಲ್ಲಿ ಝಡ್‌ಟಿಇ ಉಪಕರಣ ಒದಗಿಸಿದರೆ ಬೆಂಗಳೂರಿನಲ್ಲಿ ಹುವಾವೆ ಒದಗಿಸಿತು. ಪ್ರತಿ ತಯಾರಕನ ಯಂತ್ರಕ್ಕೂ ಅವನದೇ ನಿಯಂತ್ರಣ ತಂತ್ರಾಂಶ ಇರುತ್ತದೆ, ಮತ್ತು ಒಂದೇ ದೋಷವನ್ನು ಒಬ್ಬೊಬ್ಬರೂ ಒಂದೊಂದು ಹೆಸರಿನಿಂದ, ಒಂದೊಂದು ತೀವ್ರತೆಯಿಂದ ಸೂಚಿಸುತ್ತಾರೆ. 1988ರಲ್ಲಿ ಹುಟ್ಟಿ ಇಂದು ಟಿಎಂ ಫೋರಂ ಎಂಬ ಹೆಸರಿನಲ್ಲಿರುವ ಉದ್ಯಮ ಸಂಘಟನೆ ಇಂಥ ಗಡಿಗಳಿಗೆ ಸಮಾನ ಮಾದರಿಗಳನ್ನು ರೂಪಿಸುತ್ತ ಬಂದಿದೆ. ಕಂಪನಿ ಕಂಪನಿಗಳ ನಡುವಿನ ಗಡಿಗೆ, ಅದೇ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ನಂಬರ್ ಪೋರ್ಟಬಿಲಿಟಿ ಒಳ್ಳೆಯ ನಿದರ್ಶನ: 2011ರ ಜನವರಿ 20ರಿಂದ ದೇಶವ್ಯಾಪಿಯಾದ ಈ ಸೌಲಭ್ಯದಲ್ಲಿ ಕರ್ನಾಟಕವೂ ಕೋಲ್ಕತ್ತವೂ ಒಂದೇ ವಲಯಕ್ಕೆ ಸೇರಿದವು, 2019ರ ಡಿಸೆಂಬರ್ 16ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಗ್ರಾಹಕ 1900ಕ್ಕೆ ಸಂದೇಶ ಕಳಿಸಿದ ಕೂಡಲೇ ಬಾಕಿ ಮುಂತಾದ ಷರತ್ತುಗಳನ್ನು ಹಳೆಯ ಕಂಪನಿಯ ವ್ಯವಸ್ಥೆಯಿಂದ ವಿಚಾರಿಸಿ ಆಮೇಲಷ್ಟೇ ಪೋರ್ಟಿಂಗ್ ಕೋಡ್ ಕೊಡಲಾಗುತ್ತದೆ, ಒಂದೇ ಸೇವಾ ಪ್ರದೇಶದೊಳಗಿನ ಬದಲಾವಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯಬೇಕು. ಇಲ್ಲಿ ಕಾಲಮಿತಿಯನ್ನೂ ಪಾತ್ರಗಳನ್ನೂ ನಿಯಂತ್ರಕ ಸಂಸ್ಥೆಯೇ ಬರೆದಿರುವುದರಿಂದ ವ್ಯವಸ್ಥೆ ನಡೆಯುತ್ತದೆ. ಒಂದೇ ಕಂಪನಿಯೊಳಗಿನ ಎರಡು ವೆಂಡರ್‌ಗಳ ನಡುವೆ ಅಷ್ಟು ಸ್ಪಷ್ಟವಾಗಿ ಬರೆದ ಗಡಿ ಕಾಣುವುದು ಕಡಿಮೆ.

ದಾಖಲೆಗೆ ಇಳಿಯದ ತಿಳಿವಳಿಕೆ ಎಷ್ಟು ಬೇಗ ಕೈಜಾರಬಹುದೆಂಬುದಕ್ಕೆ 2020 ಸಾಕ್ಷಿ. ಆ ವರ್ಷದ ಜನವರಿ 31ರಂದು ಬಿಎಸ್‌ಎನ್‌ಎಲ್‌ನ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿ ಪಡೆದು ಒಂದೇ ದಿನ ಹೊರನಡೆದರು. ಯಾವ ಕೇಬಲ್ ಯಾವ ಮೋರಿಯ ಕೆಳಗೆ ತಿರುಗುತ್ತದೆ, ಯಾವ ಜೋಡಣೆ ಮಳೆಗಾಲದಲ್ಲಿ ನೀರು ಕುಡಿಯುತ್ತದೆ ಎಂದು ಬಲ್ಲ ಲೈನ್‌ಮನ್‌ಗಳೂ ಅವರಲ್ಲಿದ್ದರು. ನಾಲ್ಕು ತಿಂಗಳು ತುಂಬುವ ಮೊದಲೇ, ಮೇ 20ರಂದು, ಅಂಫಾನ್ ಚಂಡಮಾರುತ ಕೋಲ್ಕತ್ತವನ್ನು ಹೊಡೆಯಿತು. ಸಾವಿರಾರು ಮರಗಳು ಉರುಳಿ, ಕಂಬಗಳಿಗೆ ತೂಗಿದ್ದ ಫೈಬರ್‌ಗಳು ಹರಿದು, ಹಲವು ಬಡಾವಣೆಗಳಲ್ಲಿ ದಿನಗಟ್ಟಲೆ ವಿದ್ಯುತ್ ಇಲ್ಲದೆ, ಎಲ್ಲ ಕಂಪನಿಗಳ ಗೋಪುರಗಳೂ ಮೌನವಾದವು. ಇಂಥ ಹೊತ್ತಿನಲ್ಲಿ ನಿಗಾ ಕೇಂದ್ರದ ಪರದೆಯ ಮೇಲೆ ಅಲಾರಂಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಫೈಬರ್ ಹರಿದರೆ ಅದರಾಚೆಯ ಪ್ರತಿ ಉಪಕರಣವೂ ಕೂಗುತ್ತದೆ. ಅವುಗಳಲ್ಲಿ ಮೂಲ ಯಾವುದು, ಪರಿಣಾಮ ಯಾವುದು ಎಂದು ಬೇರ್ಪಡಿಸುವ ತಂತ್ರಾಂಶ ಕೆಲಸ ಮಾಡಬೇಕಾದರೆ ದಾಸ್ತಾನು ಪಟ್ಟಿ ನೆಲದ ಮೇಲಿರುವುದಕ್ಕೆ ಸರಿಹೊಂದಬೇಕು, ಮತ್ತು ಗೋಪುರದಲ್ಲಿ ವಿದ್ಯುತ್ ಹೋಗಿದೆಯೋ ಫೈಬರ್ ಹರಿದಿದೆಯೋ ಎಂಬ ಮಾಹಿತಿ ಗೋಪುರದ ಮಾಲೀಕತ್ವ ಹೊಂದಿದ ಬೇರೊಂದು ಕಂಪನಿಯಿಂದ ಹರಿದು ಬರಬೇಕು. ಇಲ್ಲದಿದ್ದರೆ ಜನರೇಟರಿಗೆ ಡೀಸೆಲ್ ಬೇಕಾದಲ್ಲಿಗೆ ಫೈಬರ್ ಜೋಡಿಸುವವರು ಹೋಗುತ್ತಾರೆ, ಫೈಬರ್ ಹರಿದಲ್ಲಿಗೆ ಡೀಸೆಲ್ ಹೋಗುತ್ತದೆ.

2024ರ ಅಕ್ಟೋಬರ್‌ನಿಂದ ಜಾರಿಗೆ ಬಂದ, ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್‌ನ ಸೇವಾ ಗುಣಮಟ್ಟದ ನಿಯಮಗಳು ಈ ದಾಖಲೆಯ ಪ್ರಶ್ನೆಗೆ ಹಣದ ತೂಕವನ್ನೂ ಕೊಟ್ಟಿವೆ. ಜಿಲ್ಲಾ ಮಟ್ಟದಲ್ಲಿ ಸೇವೆ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ನಿಂತರೆ 24 ಗಂಟೆಗಳೊಳಗೆ ವರದಿ ಮಾಡಬೇಕು; 24 ಗಂಟೆ ಮೀರಿ ನಿಂತರೆ ಆ ಜಿಲ್ಲೆಯಲ್ಲಿ ನೋಂದಾಯಿತರಾದ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆಯಲ್ಲಿ ಕಡಿತ, ಪ್ರಿಪೇಯ್ಡ್ ಗ್ರಾಹಕರಿಗೆ ಅವಧಿಯ ವಿಸ್ತರಣೆ ಸಿಗಬೇಕು. ಅಂದರೆ ಒಂದು ಅಲಾರಂ ಯಾವ ಗೋಪುರದ್ದು, ಆ ಗೋಪುರ ಯಾವ ಜಿಲ್ಲೆಯದು, ಆ ಜಿಲ್ಲೆಯ ಗ್ರಾಹಕರು ಯಾರು, ಅವರ ಯೋಜನೆಯ ದಿನದ ಬೆಲೆ ಎಷ್ಟು ಎಂಬ ನಾಲ್ಕು ಕೊಂಡಿಗಳು ಒಎಸ್‌ಎಸ್‌ನಿಂದ ಬಿಎಸ್‌ಎಸ್‌ವರೆಗೆ ಕಳಚದೆ ಉಳಿಯಬೇಕು. ಕೋಲ್ಕತ್ತ ಸೇವಾ ಪ್ರದೇಶವು ಹೌರಾ, ಹೂಗ್ಲಿ ಮತ್ತು ಎರಡು 24 ಪರಗಣ ಜಿಲ್ಲೆಗಳ ಭಾಗಗಳನ್ನೂ ಒಳಗೊಂಡಿರುವುದರಿಂದ, ಸೇವಾ ಪ್ರದೇಶದ ಗಡಿಯೂ ಜಿಲ್ಲೆಯ ಗಡಿಯೂ ಒಂದಕ್ಕೊಂದು ಹೊಂದದ ಅಂಚುಗಳಲ್ಲಿ ನಿಂತಿರುವ ಗೋಪುರಗಳನ್ನು ಒಂದೊಂದಾಗಿ ಸರಿಯಾದ ಜಿಲ್ಲೆಗೆ ಸೇರಿಸುವ ಕೆಲಸ ಅಲ್ಲಿನ ಕಂಪನಿಗಳ ಪಾಲಿಗೆ ಬಂದಿದೆ.