ಜಲನಗರದ ಅಡ್ಡಗೋಡೆಗಳು

ವಾರ್ಷಿಕ ಪರೀಕ್ಷೆ ಮುಗಿದರೆ ಸಾಕು, ವಿಜಯಪುರದ ಜಲನಗರದಲ್ಲಿ ಯಾವುದಾದರೊಂದು ಮನೆಯ ಮುಂದೆ ಉಸುಕು, ಇಟ್ಟಂಗಿ ಬಂದು ಬೀಳುತ್ತವೆ. ಕಟ್ಟುತ್ತಿರುವುದು ಹೊಸ ಮನೆಯಲ್ಲ. ಹತ್ತು-ಹದಿನೈದು ವರ್ಷದ ಹಿಂದೆ ಸಾಲ ಮಾಡಿ ಕಟ್ಟಿಸಿದ ಮನೆಯ ಕೆಳಗಿನ ಅಂತಸ್ತಿನಲ್ಲೇ ಒಂದು ಗೋಡೆ ಒಡೆಯುತ್ತಾರೆ, ಇಲ್ಲವೇ ಇನ್ನೊಂದನ್ನು ಎಬ್ಬಿಸುತ್ತಾರೆ. ಯಾಕೆಂದು ಕೇಳಿದರೆ ಬರುವ ಉತ್ತರ: ‘ಹುಡುಗೂರು ದೊಡ್ಡವರಾದ್ರು ನೋಡ್ರಿ, ಜಾಗಾನ ಸಾಲವಲ್ದು.’

ಜಾಗ ಸಾಲುವುದಿಲ್ಲ ಎನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. 30×40ರ ನಿವೇಶನದ ಮೇಲಿನ ಈ ಮನೆಗಳಲ್ಲಿ, ತಿಕೋಟಾ, ಬಬಲೇಶ್ವರ ಕಡೆಯ ಅಜ್ಜನ ಮನೆಯಲ್ಲಿದ್ದಷ್ಟು ಕೋಣೆಗಳಾದರೂ ಇವೆ. ಅಲ್ಲಿ ಏಳೆಂಟು ಮಕ್ಕಳು ಬೆಳೆದರೂ ಯಾರೂ ಗೋಡೆ ಮುಟ್ಟಲಿಲ್ಲ.

ಆ ಮನೆಯ ರಚನೆಯೇ ಬೇರೆ. ಬೀದಿಗೆ ಕಟ್ಟೆ. ತಲಬಾಗಿಲು ದಾಟಿದರೆ ದಂದಕ್ಕಿ, ಅಂದರೆ ಎತ್ತು-ಎಮ್ಮೆಗಳ ಜಾಗ. ಅಲ್ಲಿಂದ ಮೆಟ್ಟಿಲೆತ್ತರಕ್ಕೆ ಪಡಸಾಲೆ. ಹಿಂದೆ ಅಡುಗೆಮನೆ, ದೇವರ ಜಗಲಿ, ಕಾಳಿನ ಕತ್ತಲ ಕೋಣೆ. ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ದಪ್ಪ ಗೋಡೆಯಾದ್ದರಿಂದ ನಲವತ್ತು ಡಿಗ್ರಿ ದಾಟಿದ ಬಿಸಿಲೂ ಒಳಗೆ ಬರುವಷ್ಟರಲ್ಲಿ ಸೋತಿರುತ್ತಿತ್ತು. ಪಡಸಾಲೆಗೆ ಇಂಥದ್ದೇ ಕೆಲಸವೆಂಬುದಿರಲಿಲ್ಲ. ಕೂಸಿದ್ದಾಗ ತೊಲೆಗೆ ತೊಟ್ಟಿಲು, ಸಾಲಿಗೆ ಹೋಗುವಾಗ ಅದೇ ಕಂಬಕ್ಕೆ ಒರಗಿ ಬಾಯಿಪಾಠ, ಸುಗ್ಗಿಗೆ ಜೋಳದ ಚೀಲ, ರಾತ್ರಿ ಕೌದಿ ಹಾಸಿದಲ್ಲಿ ನಿದ್ದೆ. ಮೀಸೆ ಮೂಡಿದ ಹುಡುಗ ತಾನಾಗಿಯೇ ಕಟ್ಟೆಗೆ ಹೋಗಿ ಮಲಗುತ್ತಿದ್ದ.

ಇದನ್ನು ಹಾಡಿ ಹೊಗಳಬೇಕಾಗಿಲ್ಲ. ಹುಡುಗನಿಗೆ ಕಟ್ಟೆಯಿತ್ತು, ಹುಡುಗಿಗೆ ಏನೂ ಇರಲಿಲ್ಲ. ಹೊಸದಾಗಿ ಮದುವೆಯಾದವರಿಗೆ ಸಿಕ್ಕಿದ್ದು ಕಾಳಿನ ಕೋಣೆ. ಬಟ್ಟೆ ಬದಲಿಸಲು ಬಚ್ಚಲೇ ಗತಿಯಾಗಿದ್ದ ಹೆಣ್ಣುಮಕ್ಕಳು ‘ಬಾಗಿಲಿರುವ ಕೋಣೆ ಬೇಕು’ ಎಂದು ಹಟ ಹಿಡಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಊರು ಬಿಡಿಸಿದ್ದು ಓದು. ವಚನಗಳನ್ನು ಸಂಗ್ರಹಿಸಿ ಪ್ರಕಟಿಸಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಗೆ ಅಡಿಪಾಯ ಹಾಕಿದ್ದು 1910ರಲ್ಲಿ. 1963ರಲ್ಲಿ ಸೈನಿಕ ಶಾಲೆ ಬಂತು, ಎಂಬತ್ತರ ದಶಕದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಬಂದವು, 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ. ತಿಕೋಟಾ ಸೀಮೆಯ ದ್ರಾಕ್ಷಿ ಕೈಹಿಡಿದ ವರ್ಷ ಕೆಲವರು ತೋಟ ಊರಲ್ಲೇ ಬಿಟ್ಟು, ಮಕ್ಕಳ ಸಲುವಾಗಿ ಶಹರದಲ್ಲಿ ಪ್ಲಾಟು ಹಿಡಿದರು. ಪ್ಲಾನ್ ಬರೆಯುವವರ ಹತ್ತಿರ ಆಗ ಸಿದ್ಧವಿದ್ದದ್ದು ಒಂದೇ ನಕ್ಷೆ: ಪೋರ್ಚ್, ಹಾಲ್, ಕಿಚನ್, ಎರಡು ಬೆಡ್‌ರೂಮ್. ದಂದಕ್ಕಿಯ ಜಾಗಕ್ಕೆ ಮೋಟರ್‌ಸೈಕಲ್ ಬಂದು ನಿಂತಿತು. ಪ್ರತಿ ಕೋಣೆಗೂ ಒಂದು ಹೆಸರು, ಒಂದೇ ಕೆಲಸ. ಈಗಿನ ತೊಂದರೆ ಶುರುವಾದದ್ದು ಅಲ್ಲಿಂದಲೇ.

ಮಗುವಿಗೆ ಮೂರು ವರ್ಷವಿದ್ದಾಗ ದೊಡ್ಡ ಹಾಲ್ ಚೆಂದ, ಒಲೆಯ ಮುಂದೆ ನಿಂತೇ ಕಣ್ಣಿಡಬಹುದು. ಹತ್ತು ವರ್ಷಕ್ಕೆ ಅದೇ ಹಾಲಿನಲ್ಲಿ ಓದುವ ಟೇಬಲ್ಲು ಒಂದು ಕಡೆ, ಟಿ.ವಿ. ಇನ್ನೊಂದು ಕಡೆ. ಎಸ್ಸೆಸ್ಸೆಲ್ಸಿ ವರ್ಷ ಜಗಳ ನಿಶ್ಚಿತ. ಅದೇ ಹೊತ್ತಿಗೆ ಊರಿಂದ ಬಂದ ಅಜ್ಜಿಗೆ ಮೊಣಕಾಲು ನೋವು. ಮೇಲೆ ಹತ್ತಲಾರರು, ಕೆಳಗೆ ಕಮೋಡ್ ಇರುವ ಬಚ್ಚಲು ಬೇಕು. ಗೌಂಡಿಗೆ ಫೋನ್ ಹೋಗುತ್ತದೆ.

ಗೌಂಡಿ ಬಂದು ಹಾಲ್ ನಡುವೆ ದಾರ ಕಟ್ಟುತ್ತಾನೆ. ಒಂದು ಪಾಲಿಗೆ ಕಿಟಕಿ ಸಿಗುತ್ತದೆ, ಇನ್ನೊಂದು ಹಗಲಲ್ಲೂ ದೀಪ ಬೇಡುತ್ತದೆ. ಎದುರುಬದುರು ಕಿಟಕಿಯಲ್ಲಿ ಆಡುತ್ತಿದ್ದ ಗಾಳಿ ನಿಂತೇ ಹೋಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಎರಡನೆಯ ಕೋಣೆಯೂ 7.5 ಚದರ ಮೀಟರಿಗೆ, ಅಗಲದಲ್ಲಿ 2.1 ಮೀಟರಿಗೆ ಕಡಿಮೆ ಇರಬಾರದು. ನಮ್ಮಂಥ ಒಣ ಬಿಸಿಲು ನಾಡಿನಲ್ಲೂ ಬಾಗಿಲು ಬಿಟ್ಟು, ನೆಲದ ಹತ್ತನೇ ಒಂದು ಪಾಲಿನಷ್ಟು ಕಿಟಕಿಯ ತೆರಪು ಬೇಕು. ಹಾಲ್ ಸೀಳಿ ಮಾಡಿದ ಎಷ್ಟೋ ‘ಸ್ಟಡಿ ರೂಮ್’ಗಳು ಈ ಲೆಕ್ಕದಲ್ಲಿ ನಪಾಸು.

ಭಾರದ ಲೆಕ್ಕ ಬೇರೆ ಇದೆ. ನಾಲ್ಕಿಂಚಿನ ಇಟ್ಟಂಗಿ ಗೋಡೆ ಹತ್ತಡಿ ಎದ್ದರೆ, ಉದ್ದದ ಅಡಿಯೊಂದಕ್ಕೆ ಸುಮಾರು 200 ಕೆ.ಜಿ. ಹನ್ನೆರಡು ಅಡಿಗೆ ಎರಡು ಟನ್ನಿಗೂ ಹೆಚ್ಚು. ಮೂಲ ಗೋಡೆಗಳಿಗೆ ಪಾಯವಿದೆ, ಇದು ಬರೀ ಫರಸಿಯ ಮೇಲೆ ಕೂರುತ್ತದೆ. ಕೆಳಗೆ ಎರಿ ಮಣ್ಣು ಉಳಿದಿದ್ದರೆ ಮಳೆಗಾಲಕ್ಕೆ ಉಬ್ಬಿ, ಬೇಸಿಗೆಗೆ ಕುಗ್ಗಿ, ಗಿಲಾವ್ ಒಣಗಿದ ವರ್ಷದಲ್ಲೇ ಬಿರುಕು ತೋರಿಸಬಹುದು. ಒಡೆಯುವುದು ಇನ್ನೂ ಅಪಾಯ. ಕಾಲಂ-ಬೀಮಿನ ಮನೆಯಲ್ಲಿ ಒಳಗೋಡೆ ಬರೀ ಮರೆ, ತೆಗೆಯಬಹುದು. ಕಾಲಂ ಇಲ್ಲದ ಹಳೆಯ ಕಟ್ಟಣಿಯಲ್ಲಿ ಸ್ಲ್ಯಾಬನ್ನು ಹೊತ್ತದ್ದೇ ಆ ಗೋಡೆ. ಸುಣ್ಣ-ಬಣ್ಣ ಬಳಿದ ಮೇಲೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ನೂರು ವರ್ಷದ ಹಿಂದೆ, 1924ರಲ್ಲಿ, ನೆದರ್ಲೆಂಡಿನ ಉಟ್ರೆಕ್ಟ್‌ನಲ್ಲಿ ಮೂರು ಮಕ್ಕಳ ವಿಧವೆ ಟ್ರೂಸ್ ಶ್ರೋಡರ್, ಗೋಡೆ ಕಟ್ಟದೆ, ಒಡೆಯದೆ ಕೋಣೆ ಹಂಚುವುದಕ್ಕೊಂದು ಉತ್ತರ ಹುಡುಕಿದ್ದರು. ವಾಸ್ತುಶಿಲ್ಪಿ ರೀಟ್‌ವೆಲ್ಡ್ ಜೊತೆ ಕೂತು ಮಾಡಿದ ಆ ಮನೆಯ ಮೇಲಂತಸ್ತಿನಲ್ಲಿ ಗೋಡೆಗಳೇ ಸರಿಯುತ್ತವೆ: ಹಗಲು ಒಂದೇ ಪಡಸಾಲೆ, ರಾತ್ರಿ ಬೇರೆ ಬೇರೆ ಕೋಣೆ. 1985ರಲ್ಲಿ ತೀರಿಕೊಳ್ಳುವವರೆಗೂ ಅವರು ಅಲ್ಲೇ ಇದ್ದರು. ಅಷ್ಟು ದೂರ ಯಾಕೆ, ನಮ್ಮ ವಿಜಯಪುರದ ಅಸಾರ್ ಮಹಲು 1646ರ ಸುಮಾರಿಗೆ ನ್ಯಾಯದಾನಕ್ಕೆಂದು ಎದ್ದದ್ದು, ಆಮೇಲೆ ಪ್ರವಾದಿಯವರ ಪವಿತ್ರ ಕೇಶವಿಡುವ ಜಾಗವಾಯಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಬ್ರಿಟಿಷರು ಆದಿಲ್‌ಶಾಹಿ ಕಟ್ಟಡಗಳಲ್ಲೇ ಕಚೇರಿ ನಡೆಸಿದರು. ವಿಶಾಲವಾಗಿ ಬಿಟ್ಟ ಜಾಗ ಹೇಗೆ ಬೇಕಾದರೂ ಬಳಕೆಗೆ ಬರುತ್ತದೆ.

ಜಲನಗರದ ಮನೆಗೂ ಸರಿಯುವ ಬಾಗಿಲು, ಎರಡೂ ಕಡೆ ಬಳಸುವ ಎತ್ತರದ ಕಪಾಟು, ದಪ್ಪ ಪರದೆ ಸಾಕಾಗುತ್ತವೆ. ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ತೆಗೆಯುವುದೂ ಸುಲಭ. ಪುಸ್ತಕದ ಕೋಣೆಯನ್ನೇ ನಾಳೆ ಅಜ್ಜಿಗೆ ಕೊಡುವಂತೆ ಪಕ್ಕದಲ್ಲಿ ಬಚ್ಚಲಿಗೆ ನಳದ ಪೈಪು ಮೊದಲೇ ಎಳೆಸಿಡಿ. ಗೋಡೆ ಮುಟ್ಟಲೇಬೇಕೆಂದರೆ, ಯಾವುದನ್ನು ಒಡೆಯಬಹುದು, ಯಾವುದನ್ನು ಕೂಡದು ಎಂದು ಎಂಜಿನಿಯರರಿಂದ ನಕ್ಷೆಯ ಮೇಲೆ ಬರೆಸಿಕೊಳ್ಳಿ. ಆ ಹಾಳೆಯನ್ನು ಮನೆಯ ಉತಾರದ ಜೊತೆಗೇ ಇಡಿ, ಮುಂದೆ ಮಕ್ಕಳಿಗೂ ಬೇಕಾಗುತ್ತದೆ.