ಸ್ಕ್ಯಾನ್ ನಾರ್ಮಲ್, ದನಿ ಮಾತ್ರ ಒಡೆದಿದೆ

ನಂಬಿಕೆ: ಸ್ಕ್ಯಾನ್‌ನಲ್ಲಿ ಏನೂ ಬರಲಿಲ್ಲವೆಂದರೆ ಗಂಟಲಲ್ಲಿ ಕ್ಯಾನ್ಸರ್ ಇಲ್ಲ.

ತಾಳವಾಡಿ, ಚಾಮರಾಜನಗರದ ಕಡೆಯಿಂದ ದಿಂಬಂ ಘಾಟ್ ಇಳಿದು ಕೊಯಮತ್ತೂರಿನ ಗಾಂಧಿಪುರಂಗೆ ಬರುವ ಕನ್ನಡದವರಿರಲಿ, ತಲೆಮಾರುಗಳಿಂದ ಈ ಊರಿನಲ್ಲೇ ನೆಲೆಸಿರುವ ದೇವಾಂಗರಿರಲಿ, ಈ ಒಂದು ವಿಷಯದಲ್ಲಿ ಎಲ್ಲರದೂ ಒಂದೇ ರಾಗ. ದನಿ ಒಡೆದು ಎರಡು ತಿಂಗಳಾಗಿರುತ್ತದೆ. ಇಎನ್‌ಟಿ ವೈದ್ಯರ ಮುಖ ನೋಡುವ ಮೊದಲೇ ಯಾರದೋ ಮಾತು ಕೇಳಿ ಸಿ.ಟಿ. ಮಾಡಿಸಿ, ಆ ದೊಡ್ಡ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬರುತ್ತಾರೆ. "ಎಲ್ಲಾ ನಾರ್ಮಲ್ ಸಾರ್, ಮೂಗಲ್ಲಿ ಟ್ಯೂಬ್ ಬಿಡೋದೆಲ್ಲ ಬೇಡ." ಸ್ವಾಮಿ, ಮೊದಲು ಬೇಕಾಗಿದ್ದುದೇ ಆ ಟ್ಯೂಬು!

ಸತ್ಯ: ಧ್ವನಿತಂತುವಿನ ಕ್ಯಾನ್ಸರ್ ಶುರುವಾಗುವುದು ಅದರ ಮೇಲ್ಪದರದಲ್ಲಿ. ಒಂದು ಬಿಳಿ ಮಚ್ಚೆ, ಒಂದಿಷ್ಟು ಕೆಂಪು, ತರಿತರಿಯಾದ ಅಂಚು, ಅಷ್ಟೇ. ಸಿ.ಟಿ.ಗೆ ಬಣ್ಣ ತಿಳಿಯದು. ಕೆಲವೇ ಮಿಲಿಮೀಟರಿನ ಚಪ್ಪಟೆ ಹುಣ್ಣು ಅದರ ಕಣ್ಣು ತಪ್ಪಿಸಬಹುದು. ತಂತುಗಳು ಸರಿಯಾಗಿ ಆಡುತ್ತಿವೆಯೇ ಎಂಬುದನ್ನು "ಈ..." ಅನ್ನಿಸಿ ಕಣ್ಣಾರೆ ನೋಡಬೇಕು. ಗೋಡೆಯ ಸುಣ್ಣ ಉದುರಿದೆಯೇ ಎಂದು ತಿಳಿಯಲು ಮನೆಯ ನಕ್ಷೆ ತರಿಸಿದರೆ ಏನು ಸಿಕ್ಕೀತು? 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ಕನ್ನಡಿ ಮತ್ತು ಬಿಸಿಲು ಇಷ್ಟರಿಂದಲೇ ತನ್ನ ಧ್ವನಿತಂತುಗಳನ್ನು ತಾನೇ ನೋಡಿಕೊಂಡ. ಈಗ ಮೂಗಿಗೆ ಮರಗಟ್ಟಿಸುವ ಸ್ಪ್ರೇ ಹೊಡೆದು ಕ್ಯಾಮೆರಾದ ತೆಳು ನಳಿಕೆ ಇಳಿಸಿದರೆ ಕೆಲವೇ ನಿಮಿಷದ ಕೆಲಸ. ದನಿ ನಾಲ್ಕು ವಾರದಲ್ಲಿ ಸರಿಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ಹೀಗೆ ನೋಡಲೇಬೇಕು, ನೋಡುವ ಮೊದಲು ಸಿ.ಟಿ., ಎಂಆರ್‌ಐ ಮಾಡಿಸಕೂಡದು ಎಂದು ಅಮೆರಿಕದ ಇಎನ್‌ಟಿ ತಜ್ಞರ 2018ರ ಮಾರ್ಗಸೂಚಿಯೇ ಹೇಳುತ್ತದೆ. ಬೀಡಿ, ಸಿಗರೇಟು ಸೇದುವವರು ಅಷ್ಟು ದಿನವೂ ಕಾಯಬಾರದು.

ಹಾಗಾದರೆ ಸ್ಕ್ಯಾನ್ ದಂಡವೇ? ಖಂಡಿತ ಅಲ್ಲ. ಗಡ್ಡೆ ಕಂಡ ಮೇಲೆ ಅದು ಎಷ್ಟು ಆಳಕ್ಕಿಳಿದಿದೆ, ಮೃದ್ವಸ್ಥಿಯನ್ನು ತಿಂದಿದೆಯೇ, ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯೇ ಎಂಬುದನ್ನು ಹೇಳುವುದು ಸ್ಕ್ಯಾನೇ. ಎಡ ತಂತು ಆಡದಿದ್ದರೆ ಎದೆಯನ್ನೂ ಸ್ಕ್ಯಾನ್ ಮಾಡಿಸುತ್ತಾರೆ, ಏಕೆಂದರೆ ಅದರ ನರ ಎದೆಯೊಳಗಿನ ಮಹಾಧಮನಿಯನ್ನು ಬಳಸಿ ಮೇಲೇರುತ್ತದೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು.

"ಪೆಟ್ ಸ್ಕ್ಯಾನ್‌ನಲ್ಲಿ ಹೊಳೆದದ್ದೆಲ್ಲ ಕ್ಯಾನ್ಸರ್": ಸೋಂಕೂ ಹೊಳೆಯುತ್ತದೆ, ಒಂದು ತಂತು ಸತ್ತು ಕೂತರೆ, ಇಬ್ಬರ ಕೆಲಸ ಮಾಡುವ ಇನ್ನೊಂದು ತಂತುವೂ ಹೊಳೆಯುತ್ತದೆ.

"ಬಯಾಪ್ಸಿಗೆ ಚೂರು ತೆಗೆದರೆ ಹರಡುತ್ತದೆ": ಗಂಟಲಿನಲ್ಲಿ ಹಾಗೆ ಹೆದರಲು ಕಾರಣವಿಲ್ಲ, ಧ್ವನಿಪೆಟ್ಟಿಗೆಯ ಕ್ಷಯವೂ ನೋಡಲು ಕ್ಯಾನ್ಸರಿನಂತೆಯೇ ಇರಬಹುದಾದ್ದರಿಂದ ಆ ಚೂರು ಬೇಕೇ ಬೇಕು.

"ಒಂದು ಬಯಾಪ್ಸಿಯಲ್ಲಿ ಬರಲಿಲ್ಲ, ಬಚಾವ್": 1887ರಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕ್‌ನ ಗಂಟಲಿನ ಚೂರಿನಲ್ಲಿ ರೋಗಶಾಸ್ತ್ರದ ಮಹಾಪಂಡಿತ ವಿರ್ಶೋಗೂ ಕ್ಯಾನ್ಸರ್ ಸಿಗಲಿಲ್ಲ, ಮರುವರ್ಷ ಜೂನ್‌ನಲ್ಲಿ, 99 ದಿನ ಚಕ್ರವರ್ತಿಯಾಗಿದ್ದು, ಅವನು ಅದೇ ಕ್ಯಾನ್ಸರಿಗೆ ಬಲಿಯಾದ.

"ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ": ಧ್ವನಿಪೆಟ್ಟಿಗೆಯ ಕ್ಯಾನ್ಸರನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಇಲ್ಲ.

ನನಗೆ ಸಿಟ್ಟು ಬರುವುದು ಅಜ್ಞಾನದ ಮೇಲಲ್ಲ, ಬಿಲ್ಲಿನ ಮೇಲಿನ ಭಕ್ತಿಯ ಮೇಲೆ. ಎದುರು ಕೂತ ವೈದ್ಯರ ಕಣ್ಣನ್ನು ನಂಬದವರು ಯಂತ್ರ ಎಷ್ಟು ದೊಡ್ಡದೋ, ದರ ಎಷ್ಟು ಹೆಚ್ಚೋ ಅಷ್ಟು ನಂಬುತ್ತಾರೆ. "ಫುಲ್ ಬಾಡಿ ಚೆಕಪ್" ಪ್ಯಾಕೇಜು ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಧ್ವನಿತಂತುವಿನಲ್ಲಿ ದುಗ್ಧನಾಳಗಳು ವಿರಳ, ಅಲ್ಲಿನ ಕ್ಯಾನ್ಸರ್ ಬೇಗ ಹರಡುವುದಿಲ್ಲ. ಮೇಲಾಗಿ ದನಿ ಕೆಡಿಸಿ ತನ್ನ ಸುಳಿವನ್ನು ತಾನೇ ಕೊಡುತ್ತದೆ. ಆರಂಭದಲ್ಲೇ ಹಿಡಿದರೆ ಬಹುತೇಕರು ಗುಣವಾಗುವ ಕಾಯಿಲೆ ಇದು. ಅಂಥದ್ದನ್ನೂ "ನಾರ್ಮಲ್" ಎಂಬ ಒಂದು ಹಾಳೆ ನಂಬಿ ಬೆಳೆಸಿಕೊಳ್ಳುವವರಿಗೆ ಏನು ಹೇಳುವುದು? ಮೊದಲು ಟ್ಯೂಬು, ಬೇಕಾದರೆ ಬಯಾಪ್ಸಿ ಮತ್ತು ಸ್ಕ್ಯಾನು. ಆ ಎರಡರಲ್ಲಿ ಯಾವುದು ಮೊದಲೆಂಬುದನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರು ಹೇಳಲಿ, ಪಕ್ಕದ ಮನೆಯವರಲ್ಲ.