ಎದೆಯೊಳಗಿನ ಎಲಾಸ್ಟಿಕ್ಕು

ದಿನಕ್ಕೆ ಸುಮಾರು ಒಂದು ಲಕ್ಷ ಸಲ! ಹೃದಯ ರಕ್ತ ತಳ್ಳಿದಾಗಲೆಲ್ಲ ಮಹಾಪಧಮನಿ ಉಬ್ಬುತ್ತದೆ, ಮರುಕ್ಷಣವೇ ತನ್ನ ಅಳತೆಗೆ ಮರಳುತ್ತದೆ. ಚಡ್ಡಿಯ ಎಲಾಸ್ಟಿಕ್ಕು ಹತ್ತಾರು ಒಗೆತಕ್ಕೇ ಜೋತುಬೀಳುವಾಗ ಈ ನಾಳ ಎಂಬತ್ತು ವರ್ಷ ಬಾಳುವುದು ಹೇಗೆ? ಅದರ ಗೋಡೆಯಲ್ಲಿರುವ ಇಲಾಸ್ಟಿನ್ ಎಂಬ ಪ್ರೋಟೀನಿನ ನಾರುಗಳಿಂದ. ಅವು ಬಹುಪಾಲು ತಯಾರಾಗುವುದು ಗರ್ಭದಲ್ಲಿ ಮತ್ತು ಬಾಲ್ಯದಲ್ಲಿ. ಆಮೇಲೆ ಹೊಸದು ಹುಟ್ಟುವುದು ತೀರಾ ಅಪರೂಪ. ನಿಮ್ಮಜ್ಜಿಯ ಎದೆಯಲ್ಲಿ ಈಗಲೂ ಹಿಗ್ಗಿ ಕುಗ್ಗುತ್ತಿರುವ ನಾರುಗಳು ಅವರು ಲಂಗ ತೊಟ್ಟು ಕುಂಟೆಬಿಲ್ಲೆ ಆಡುತ್ತಿದ್ದ ಕಾಲದವು!

ಮುಪ್ಪಿನಲ್ಲಿ ಈ ನಾರುಗಳು ಎಲ್ಲರಲ್ಲೂ ಸವೆದು ತುಂಡಾಗುತ್ತವೆ, ನಾಳ ಬಿರುಸಾಗಿ ತುಸು ಅಗಲವಾಗುತ್ತದೆ. ಸುಮಾರು 5000 ಜನರಲ್ಲಿ ಒಬ್ಬರಿಗೆ ಇರುವ ಮಾರ್ಫನ್ ಸಿಂಡ್ರೋಮ್‌ನಲ್ಲಿ ಅದೇ ಸವೆತ ಹರೆಯದಲ್ಲೇ, ಕೆಲವರಿಗೆ ಬಾಲ್ಯದಲ್ಲೇ ಶುರು. ನೋವಿಲ್ಲ, ಸುಳಿವಿಲ್ಲ. ನಾಳದ ಬುಡ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಗೋಡೆಯ ಮೇಲಿನ ಎಳೆತ ಜಾಸ್ತಿ, ಎಳೆತ ಜಾಸ್ತಿಯಾದಷ್ಟೂ ಮತ್ತೆ ಹಿಗ್ಗು. ಎಕೋ ಸ್ಕ್ಯಾನ್‌ನಲ್ಲಿ ಅಗಲ 5 ಸೆಂ.ಮೀ. ಕಂಡಿತೆಂದರೆ ಸಾಮಾನ್ಯವಾಗಿ ಆಪರೇಷನ್ನಿನ ಮಾತು.

1986ರ ಜನವರಿ, ಜಪಾನಿನ ಮಾತ್ಸುಯೆ. ಅಮೆರಿಕದ ವಾಲಿಬಾಲ್ ತಾರೆ ಫ್ಲೋ ಹೈಮನ್, ಆರಡಿ ಐದಂಗುಲದ ಆಳು, ಪಂದ್ಯದ ನಡುವೆ ಕುಸಿದು ತೀರಿಕೊಂಡರು. ವಯಸ್ಸು 31. ಮಹಾಪಧಮನಿ ಸೀಳಿತ್ತು. ಮಾರ್ಫನ್ ಇತ್ತೆಂದು ತಿಳಿದದ್ದೇ ಮರಣೋತ್ತರ ಪರೀಕ್ಷೆಯಲ್ಲಿ. ಅದೇ ವರ್ಷ ಲಿನ್ ಸಕಾಯ್ ಮತ್ತು ಸಂಗಡಿಗರು ಫೈಬ್ರಿಲಿನ್ ಎಂಬ ಪ್ರೋಟೀನನ್ನು ಲೋಕಕ್ಕೆ ತೋರಿಸಿದರು. 1991ರಲ್ಲಿ ಹ್ಯಾಲ್ ಡೀಟ್ಸ್ ತಂಡ ಪತ್ತೆಹಚ್ಚಿತು: ಮಾರ್ಫನ್‌ನ ಮೂಲದೋಷ ಇರುವುದು ಆ ಫೈಬ್ರಿಲಿನ್ನಿನ ಜೀನ್‌ನಲ್ಲೇ!

ಫೈಬ್ರಿಲಿನ್ ಅಂದರೆ ಇಲಾಸ್ಟಿನ್ ನಾರುಗಳಿಗೆ ಬರೀ ಆಸರೆ, ಅದು ಕೆಟ್ಟರೆ ಗೋಡೆ ದುರ್ಬಲ, ಅಷ್ಟೇ ಅಂದುಕೊಂಡಿದ್ದರು. ಇಲಿಗಳು ಬೇರೆಯೇ ಕಥೆ ಹೇಳಿದವು. ಟಿಜಿಎಫ್-ಬೀಟಾ ಎಂಬ ಸಂಕೇತವಸ್ತುವನ್ನು ಹದ್ದುಬಸ್ತಿನಲ್ಲಿಡುವುದೂ ಫೈಬ್ರಿಲಿನ್ನಿನದೇ ಕೆಲಸವಂತೆ! 2006ರಲ್ಲಿ ಆ ಸಂಕೇತವನ್ನು ತಗ್ಗಿಸುವ, ಬಿಪಿಯ ಹಳೆಯ ಮಾತ್ರೆ ಲೊಸಾರ್ಟನ್ ಕೊಟ್ಟಾಗ ಮಾರ್ಫನ್ ಇಲಿಗಳ ನಾಳ ಹಿಗ್ಗುವುದೇ ನಿಂತಿತು. ಮನುಷ್ಯರು ಇಲಿಗಳಷ್ಟು ಉದಾರಿಗಳಲ್ಲ: 2014ರ ದೊಡ್ಡ ಪ್ರಯೋಗದಲ್ಲಿ ಲೊಸಾರ್ಟನ್ ಮೊದಲಿನ ಮಾತ್ರೆ ಅಟೆನೊಲಾಲ್‌ಗಿಂತ ಮೇಲೆನಿಸಲಿಲ್ಲ. ಹಾಗಿದ್ದೂ ರೋಗಿಗಳ ಆಯಸ್ಸು ಹೆಚ್ಚಿದೆ: 1972ರ ಒಂದು ಅಧ್ಯಯನದಲ್ಲಿ ಮಾರ್ಫನ್ ರೋಗಿಗಳು ಸಾಯುತ್ತಿದ್ದ ಸರಾಸರಿ ವಯಸ್ಸು 32. ಇಂದು, ಸಕಾಲಕ್ಕೆ ಪತ್ತೆಯಾದವರಲ್ಲಿ ಅನೇಕರು ಎಪ್ಪತ್ತು ದಾಟುತ್ತಾರೆ.

ಇಷ್ಟರ ನಡುವೆ ನನಗೆ ಎಲ್ಲರಿಗಿಂತ ಹೆಚ್ಚು ಅಚ್ಚರಿ ಹುಟ್ಟಿಸಿದವರು ಇಂಗ್ಲೆಂಡಿನ ಟಾಲ್ ಗೋಲ್ಸ್‌ವರ್ದಿ. ವೈದ್ಯರಲ್ಲ, ಎಂಜಿನಿಯರ್, ಸ್ವತಃ ಮಾರ್ಫನ್ ಇದ್ದವರು. ನಾಳ ಕತ್ತರಿಸಿ ಕೃತಕ ಕವಾಟ ಹಾಕಿಸಿಕೊಂಡು ಬದುಕಿಡೀ ರಕ್ತ ತೆಳುವಾಗಿಸುವ ಮಾತ್ರೆ ನುಂಗುವುದು ಅವರಿಗೆ ಬೇಡವಾಗಿತ್ತು. ತಮ್ಮದೇ ಸ್ಕ್ಯಾನ್‌ನಿಂದ ತಮ್ಮ ಮಹಾಪಧಮನಿಯ ಅಚ್ಚು ಮಾಡಿಸಿ, ಅದಕ್ಕೆ ಸರಿಹೊಂದುವ ಬಲೆಯಂಥ ಬಟ್ಟೆಯ ತೋಳು ತಯಾರಿಸಿದರು. 2004ರಲ್ಲಿ ಲಂಡನ್ನಿನಲ್ಲಿ ಅದನ್ನು ನಾಳದ ಹೊರಗಿನಿಂದ ತೊಡಿಸಲಾಯಿತು. ಮೊದಲ ರೋಗಿ ಅವರೇ!

ಆಮೇಲೆ ಈ ತೋಳು ತೊಟ್ಟ ಇನ್ನೊಬ್ಬರು ನಾಲ್ಕೂವರೆ ವರ್ಷದ ಬಳಿಕ ತೀರಿಕೊಂಡರು. ವೈದ್ಯರು ಆ ನಾಳವನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರು. ಬಲೆ ಗೋಡೆಯಲ್ಲೇ ಬೆರೆತುಹೋಗಿತ್ತು. ಬಲೆ ತಲುಪದ ಭಾಗದಲ್ಲಿ ಮಾರ್ಫನ್‌ನ ಸವೆತ ಹಾಗೇ ಇತ್ತು. ಬಲೆಯ ಕೆಳಗಿನ ಗೋಡೆ ಮಾತ್ರ ಆರೋಗ್ಯವಂತರದಂತೆ ಕಂಡಿತು.